ಯಾರ ಮನೆಯ ಅಕ್ಕಿ

ಇವತ್ತು ಮಧ್ಯಾಹ್ನ ಊಟಕ್ಕೆ ಕುಳಿತಾಗ ಅನುಷಾ ತಟ್ಟೆಯಲ್ಲಿದ್ದ ಅನ್ನವನ್ನು ಬೆರಳಿನಿಂದ ಕೆದಕುತ್ತಾ, "ಅಜ್ಜೀ, ಇದೇನು ಅರ್ಧ ಬೆಂದಿದೆ, ಅರ್ಧ ಬೆಂದಿಲ್ಲ?" ಎಂದಳು. ಜೋಯಲ್ ಒಂದು ತುತ್ತು ಬಾಯಿಗಿಟ್ಟು, "ಒಂದೇ ತುತ್ತಲ್ಲಿ ಪೊಂಗಲ್ಲೂ ಇದೆ, ಪಲಾವೂ ಇದೆ. ಸಖತ್ ಅಜ್ಜಿ!" ಎಂದು ನಕ್ಕ. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾಗಿದೆ ಎಂದು ಹೇಳಿ ನಾನು ತಪ್ಪಿಸಿಕೊಂಡೆ. ಅದು ಸುಳ್ಳು. ಗ್ಯಾಸ್ಕೆಟ್ಟನ್ನು ಹೋದ ತಿಂಗಳಷ್ಟೇ ನಿಮ್ಮಪ್ಪ ಜಯನಗರ ಫೋರ್ತ್ ಬ್ಲಾಕಿನಿಂದ ತಂದು ಹಾಕಿದ್ದಾನೆ.

ಸುಳ್ಳು ಹೇಳಿದ್ದು ಯಾಕೆಂದರೆ ನಿಜ ಸ್ವಲ್ಪ ಉದ್ದ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ, ನಿಮಗೇ ಗೊತ್ತು. ಚರ್ಚಿನ ಮಹಿಳಾ ಕೂಟದಲ್ಲಿ ದೇವರ ಉಪಕಾರದ ಸಾಕ್ಷಿ ಹೇಳಲು ಕರೆದಾಗಲೆಲ್ಲ ನನಗೆ ಸರಿಯಾಗಿ ಅದೇ ಹೊತ್ತಿಗೆ ಕೆಮ್ಮು ಬರುತ್ತದೆ. ಆದ್ದರಿಂದ ಜೋಯಲನ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಇದನ್ನು ಬರೆಯುತ್ತಿದ್ದೇನೆ. ಹಳ್ಳಿಯ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವಳ ಬರಹ ಇದು. ಅಕ್ಷರ ಗುಂಡಗಿವೆ, ವಿಷಯ ಅಷ್ಟು ಗುಂಡಗಿಲ್ಲ. ಓದಿ ಮುಗಿಸಿದ ಮೇಲೆ ನಿಮಗೆ ಏನಾದರೂ ಅರ್ಥವಾದರೆ ನನಗೂ ಹೇಳಿ. ಮೂರು ವರ್ಷದಿಂದ ನಾನು ಇದನ್ನು ಅರ್ಥಮಾಡಿಕೊಳ್ಳಲು ನೋಡುತ್ತಲೇ ಇದ್ದೇನೆ.

ಅಡುಗೆಮನೆಯ ಶೆಲ್ಫಿನಲ್ಲಿ ಅಕ್ಕಿ ಡಬ್ಬದ ಪಕ್ಕ ಇನ್ನೊಂದು ಸಣ್ಣ ಡಬ್ಬ ಇರುವುದನ್ನು ನೀವು ಹುಟ್ಟಿದಾಗಿನಿಂದ ನೋಡಿದ್ದೀರಿ. ಮುಚ್ಚಳ ತೆಗೆದರೆ ಒಣಗಿದ ಬೇವಿನ ಎಲೆಯ ವಾಸನೆ ಬರುವ ಡಬ್ಬ. ಪ್ರತಿ ಸಲ ಅಕ್ಕಿ ತೊಳೆಯುವ ಮುಂಚೆ ಒಂದು ಹಿಡಿ ಅಕ್ಕಿ ತೆಗೆದು ಅದರಲ್ಲಿ ಹಾಕುತ್ತೇನೆ. ಅದು ದೇವರ ಪಾಲು, ಹಿಡಿಯಕ್ಕಿ. ಭಾನುವಾರ ಅದನ್ನು ಚರ್ಚಿಗೆ ಒಯ್ದು ಬಾಗಿಲ ಬಳಿಯ ಡ್ರಮ್ಮಿಗೆ ಸುರಿಯುವುದು. ಎಲ್ಲ ಮನೆಗಳ ಅಕ್ಕಿಯೂ ಅಲ್ಲಿ ಸೇರಿ, ಇಲ್ಲದವರ ಮನೆಗೆ ಹೋಗುತ್ತದೆ. ಮದುವೆಯಾಗಿ ಬೆಂಗಳೂರಿಗೆ ಬಂದು ಅಕ್ಕಿ ಇಟ್ಟ ಮೊದಲ ದಿನವೇ ನಾನು ಈ ಡಬ್ಬ ಶುರುಮಾಡಿದೆ. ನಿಮ್ಮ ತಾತ ಆಗಾಗ ರೇಗಿಸುತ್ತಿದ್ದರು. "ದಿನಾ ಇಷ್ಟಿಷ್ಟು ಅಕ್ಕಿ ಕೊಡ್ತಾ ಇದ್ರೆ ದೇವರಿಗೂ ಶುಗರ್ ಬರುತ್ತೆ ಕಣೇ." ಅವರಿಗಂತೂ ಬಂತು.

ಆದರೆ ನಾನು ಭಕ್ತಿಯಿಂದ ಮಾಡುತ್ತಿದ್ದೆ ಎಂದುಕೊಳ್ಳಬೇಡಿ. ಭಕ್ತಿಯೂ ಇತ್ತು. ಅದಕ್ಕಿಂತ ಹೆಚ್ಚಾಗಿ ಒಂದು ಹಟ ಇತ್ತು. ಅದನ್ನು ನಿಮ್ಮ ತಾತನಿಗೂ ಹೇಳಿರಲಿಲ್ಲ.

ಮದ್ದೂರಿನ ಕಡೆಯ ನಮ್ಮ ಹಳ್ಳಿಯಲ್ಲಿ ಕ್ರೈಸ್ತರ ಮನೆ ಹದಿನೆಂಟೋ ಇಪ್ಪತ್ತೋ ಇದ್ದವು. ನಾನು ಮೂರನೇ ತರಗತಿಯಲ್ಲಿದ್ದಾಗ ನಮ್ಮಪ್ಪ ಜ್ವರ ಬಂದು ತೀರಿಕೊಂಡರು. ಅದುವರೆಗೆ ಹಿಡಿಯಕ್ಕಿ ನಮ್ಮ ಮನೆಯಿಂದ ಹೋಗುತ್ತಿತ್ತು. ಆಮೇಲೆ ನಮ್ಮ ಮನೆಗೆ ಬರಲು ಶುರುವಾಯಿತು. ತಿಂಗಳ ಕೊನೆಯ ಭಾನುವಾರ ಆರಾಧನೆ ಮುಗಿದ ಮೇಲೆ ಹಳ್ಳಿಯ ಚರ್ಚು ನಡೆಸುತ್ತಿದ್ದ ಉಪದೇಶಿಯವರ ಹೆಂಡತಿ ಸೇರಿನಲ್ಲಿ ಅಳೆದು ಹಾಕುತ್ತಿದ್ದರು. ಅಮ್ಮ ತಲೆ ತಗ್ಗಿಸಿ ಸೆರಗೊಡ್ಡುತ್ತಿದ್ದಳು. ಇಪ್ಪತ್ತು ಮನೆಯ ಅಕ್ಕಿ ಅಂದರೆ ಇಪ್ಪತ್ತು ಥರದ ಅಕ್ಕಿ. ದಪ್ಪಕ್ಕಿ, ಸಣ್ಣಕ್ಕಿ, ಕೆಂಪಕ್ಕಿ, ಕುಸುಬಲಕ್ಕಿ, ನುಚ್ಚು. ಒಟ್ಟಿಗೆ ಬೇಯಿಸಿದರೆ ಒಂದು ಅಗುಳು ಕರಗಿ ಗಂಜಿಯಾಗಿರುತ್ತಿತ್ತು, ಪಕ್ಕದ್ದು ಹಲ್ಲಿಗೆ ಕಟಕ್ ಎನ್ನುತ್ತಿತ್ತು. ಅಮ್ಮ ಮೊರದ ಮುಂದೆ ಕುಳಿತು ಜಾತಿ ಜಾತಿ ಬೇರೆ ಮಾಡಲು ನೋಡುತ್ತಿದ್ದಳು. ಅರ್ಧಕ್ಕೇ ಕಣ್ಣು ಸೋತು ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿಯುತ್ತಿದ್ದಳು.

ಶಾಲೆಯಲ್ಲಿ ಸರೋಜ ಅಂತ ಒಬ್ಬಳಿದ್ದಳು. ನಮ್ಮ ಚರ್ಚಿನವಳೇ, ಗದ್ದೆ ಇದ್ದ ಮನೆಯವಳು. ಕುಂಟೆಬಿಲ್ಲೆ ಆಡುವಾಗ ಒಂದು ಸಲ ಅವಳು ಸೋತಳು. ಸೋತ ಸಿಟ್ಟಿಗೆ ಎಲ್ಲರೆದುರು ನನ್ನ ಹೊಟ್ಟೆಗೆ ಬೆರಳು ಚುಚ್ಚಿ, "ಏನ್ ಜಂಬ ಮಾಡೀಯೆ? ನಿನ್ ಹೊಟ್ಟೇಲಿ ಇರಾದು ನಮ್ಮನೆ ಅಕ್ಕಿ ಕಣೇ!" ಎಂದಳು. ಅವಳಿಗೆ ಅದು ಮರುದಿನವೇ ಮರೆತಿರಬೇಕು. ನನಗೆ ಈ ವಯಸ್ಸಿನಲ್ಲೂ ಆ ಬೆರಳು ಚುಚ್ಚಿದ ಜಾಗ ಗೊತ್ತು. ಅವತ್ತು ಬಾವಿಯ ಕಟ್ಟೆಯ ಹಿಂದೆ ಕುಳಿತು ಅತ್ತೆ. ದೊಡ್ಡವಳಾದ ಮೇಲೆ ಹಿಡಿಯಕ್ಕಿ ಕೊಡುವವಳಾಗುತ್ತೇನೆಯೇ ಹೊರತು ತಿನ್ನುವವಳಾಗುವುದಿಲ್ಲ ಎಂದುಕೊಂಡೆ. ಆಮೇಲೆ ಒಂದು ಅಗುಳೂ ತಿನ್ನಲಿಲ್ಲ. ಅಮ್ಮ ಬೈದರೂ ಆ ದಿನಗಳಲ್ಲಿ ಮುದ್ದೆ ತಿಂದುಕೊಂಡು ಇದ್ದುಬಿಡುತ್ತಿದ್ದೆ.

ನಿಮ್ಮ ತಾತ ಹೋದ ಮೇಲೆ ನಮ್ಮ ಚರ್ಚಿನ ಲೀಲಕ್ಕ ಪ್ರತಿ ಕ್ರಿಸ್ಮಸ್‌ಗೂ, "ವಿಧವೆಯರಿಗೆಲ್ಲ ಒಂದೊಂದು ಪಾಲು ಕೊಡ್ತಿದೀವಿ, ತಗೊಳ್ರೀ" ಎಂದು ಕರೆಯುತ್ತಿದ್ದರು. ನಾನು ಪ್ರತಿ ವರ್ಷವೂ, "ನಮ್ಮನೇಲಿದೆ, ಬೇರೆಯವರಿಗೆ ಕೊಡಿ" ಎಂದು ಹೇಳಿ ಬೇಗ ಬೇಗ ಗೇಟಿನ ಕಡೆ ನಡೆಯುತ್ತಿದ್ದೆ. ಕಡೆಕಡೆಗೆ ಅವರು ಕೇಳಿ, ಉತ್ತರಕ್ಕೂ ಕಾಯದೆ ಮುಂದಿನವರ ಹತ್ತಿರ ಹೋಗುತ್ತಿದ್ದರು.

ಈಗ ಜರ್ಮನಿಗೆ ಬರುತ್ತೇನೆ. ನಿಮ್ಮ ಕರುಣತ್ತೆ ಅಲ್ಲಿನ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ನರ್ಸ್ ಆಗಿರುವುದು ನಿಮಗೆ ಗೊತ್ತು. ಮೂರು ವರ್ಷದ ಹಿಂದೆ ಮಂಜಿನಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಅಡುಗೆ ಮಾಡಿ ಹಾಕಲು ನಾನು ಹೋಗಬೇಕೆಂದಾಯಿತು. ನನಗೆ ವೀಸಾ ಸಿಗುವಷ್ಟರಲ್ಲಿ ಅವಳ ಕೈಯ ಪ್ಲಾಸ್ಟರ್ ಬಿಚ್ಚಿ ಆಗಿತ್ತು. ಟಿಕೆಟ್ ಆಗಿದೆಯಲ್ಲ ಎಂದು ಹೋದೆ. ಹೋದ ಮೇಲೆ ಮೂರು ತಿಂಗಳು ಅವಳೇ ನನಗೆ ಕಾಫಿ ಮಾಡಿಕೊಟ್ಟಳು.

ಆದರೂ ಅಡುಗೆಯನ್ನು ನಾನು ಬಿಟ್ಟುಕೊಡಲಿಲ್ಲ. ಅಲ್ಲಿಯೂ ಅಕ್ಕಿ ತೊಳೆಯುವ ಮುಂಚೆ ಕೈ ತಾನಾಗಿ ಒಂದು ಹಿಡಿ ತೆಗೆಯಿತು. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟೆ. ಕರುಣ ಒಂದು ವಾರ ಬಾಸ್ಮತಿ ತರುತ್ತಿದ್ದಳು, ಒಂದು ವಾರ ದೂರದ ಅಂಗಡಿಯಿಂದ ಸೋನಾ ಮಸೂರಿ. ಒಂದೊಂದು ಸಲ ಪಕ್ಕದ ಅಂಗಡಿಯಲ್ಲಿ ಸಿಗುವ, ಅಂಟಂಟಾಗುವ ಗುಂಡು ಅಕ್ಕಿ. ಆರು ವಾರದಲ್ಲಿ ಕವರು ತುಂಬಿತು. ಆಗ ನನಗೆ ದಿಗಿಲಾಯಿತು. ಇದನ್ನು ಯಾರಿಗೆ ಕೊಡುವುದು? ದೇವರಿಗೆ ತೆಗೆದಿಟ್ಟದ್ದನ್ನು ಮನೆಯಲ್ಲಿ ಬೇಯಿಸುವಂತಿಲ್ಲ, ಎಸೆಯುವಂತಿಲ್ಲ, ವಿಮಾನದಲ್ಲಿ ಹೊತ್ತು ತರುವಂತಿಲ್ಲ.

ಕರುಣಳಿಗೆ ಹೇಳಿದೆ. "ಅಮ್ಮಾ, ಇಲ್ಲಿ ಅದೆಲ್ಲ ನಡೆಯಲ್ಲ. ಮಾನ ತೆಗೀಬೇಡ" ಎಂದಳು.

"ದೇವರ ಹತ್ರ ಏನ್ ಮಾನ?"

"ದೇವರ ಹತ್ರ ಅಲ್ಲ, ಜರ್ಮನ್ನವರ ಹತ್ರ."

ಭಾನುವಾರ ಕವರನ್ನು ಕೋಟಿನ ಒಳಗೆ ಇಟ್ಟುಕೊಂಡು ಹೋದೆ. ದೊಡ್ಡ ಕಲ್ಲಿನ ಚರ್ಚು. ನೂರಾರು ಜನ ಹಿಡಿಸುವ ಕಡೆ ಇಪ್ಪತ್ತು ಜನ, ಒಬ್ಬರಿಗೊಬ್ಬರು ಜಗಳವಾಡಿಕೊಂಡವರ ಹಾಗೆ ದೂರ ದೂರ ಕುಳಿತಿದ್ದರು. ನಮ್ಮಲ್ಲಿ ಆದರೆ ಒಂದು ಬೆಂಚಿಗೆ ಎಂಟು ಜನ ಕುಳಿತು, ಒಂಬತ್ತನೆಯವರಿಗೆ "ಬನ್ನಿ ಬನ್ನಿ, ಜಾಗ ಇದೆ" ಎನ್ನುತ್ತೇವೆ. ಒಂದು ಮಾತೂ ಅರ್ಥವಾಗಲಿಲ್ಲ. ಎಲ್ಲರೂ ಎದ್ದಾಗ ಎದ್ದೆ, ಕುಳಿತಾಗ ಕುಳಿತೆ. ಪಕ್ಕದಲ್ಲಿ ಯಾರೂ ಇಲ್ಲದ್ದರಿಂದ ತಪ್ಪಾದರೂ ಕೇಳುವವರಿರಲಿಲ್ಲ.

ಆರಾಧನೆ ಮುಗಿದ ಮೇಲೆ ಬಾಗಿಲ ಬಳಿ ಕಾಣಿಕೆ ಪೆಟ್ಟಿಗೆ ಕಂಡಿತು. ಮೇಲೆ ಒಂದು ಸೀಳು, ನನ್ನ ಕಿರುಬೆರಳಿನಷ್ಟು ಅಗಲ. ಕರುಣ ಯಾರ ಜೊತೆಗೋ ಮಾತನಾಡುತ್ತಿದ್ದಳು. ಇದೇ ಸಮಯ ಎಂದು ಕವರಿನ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿದು, ಆ ಸೀಳಿನೊಳಕ್ಕೆ ಅಕ್ಕಿ ಸುರಿಯಲು ಶುರುಮಾಡಿದೆ. ಹೌದು ಮಕ್ಕಳೇ, ನಿಮ್ಮ ಅಜ್ಜಿ. ಒಳಗೆ ಟಿನ್ನಿನ ಪೆಟ್ಟಿಗೆ ಇದ್ದಿರಬೇಕು. ಆ ಖಾಲಿ ಚರ್ಚಿನಲ್ಲಿ ತಗಡಿನ ಮಾಡಿಗೆ ಆಲಿಕಲ್ಲು ಬಿದ್ದ ಹಾಗೆ ಸದ್ದಾಯಿತು. ಎಲ್ಲರೂ ತಿರುಗಿದರು. ಬೆಚ್ಚಿದ್ದಕ್ಕೆ ಕವರು ವಾಲಿ ಎರಡು ಹಿಡಿ ಅಕ್ಕಿ ನೆಲಕ್ಕೆ ಚೆಲ್ಲಿತು.

ಚರ್ಚು ನೋಡಿಕೊಳ್ಳುವ ಎತ್ತರದ ಮನುಷ್ಯರೊಬ್ಬರು ಬಂದು ಅಕ್ಕಿ ನೋಡಿ, ನನ್ನನ್ನು ನೋಡಿ, ಕರುಣಳನ್ನು ನೋಡಿ, ಮುಖವರಳಿಸಿ ಏನೋ ಕೇಳಿದರು. ಕರುಣಳ ಮುಖ ಕೆಂಪಾಯಿತು.

"ಏನಂತೆ?" ಎಂದೆ.

"ಮದುವೆ ಯಾವಾಗ ಅಂತ ಕೇಳ್ತಿದಾರೆ. ಇಲ್ಲಿ ಮದುವೆಗೆ ಅಕ್ಕಿ ಎರಚ್ತಾರೆ. ಸಮಾಧಾನ ಆಯ್ತಾ ನಿಂಗೆ?"

ಮದುವೆಯ ಮಾತೆತ್ತಿದರೆ ಎದ್ದು ಹೋಗುವ ಮಗಳಿಗೆ ಏಳು ಸಮುದ್ರದಾಚೆ, ಚರ್ಚಿನ ಬಾಗಿಲಲ್ಲಿ ನಾನು ಅಕ್ಕಿ ಚೆಲ್ಲಿ ಮದುವೆ ಸುದ್ದಿ ಎಬ್ಬಿಸಿದ್ದೆ. ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು.

ಆ ಮನುಷ್ಯರು ಪೊರಕೆ ತಂದರು. ಆಗ ಹಿಂದಿನ ಬೆಂಚಿನಿಂದ ಒಬ್ಬ ಮುದುಕಿ ಬೇಗ ಬೇಗ ಬಂದು, ಕೈ ಅಡ್ಡ ಹಿಡಿದು ಅವರನ್ನು ತಡೆದರು. ಜರ್ಮನ್ನವರಲ್ಲ. ಚಿಕ್ಕ ಮುಖ, ಚಿಕ್ಕ ಕಣ್ಣು, ನನಗಿಂತಲೂ ಕುಳ್ಳು, ವಯಸ್ಸು ನನಗಿಂತ ಹತ್ತು ಹೆಚ್ಚೇ ಇರಬಹುದು. ಆಕೆ ಅಲ್ಲೇ ಕುಕ್ಕರುಗಾಲಲ್ಲಿ ಕುಳಿತು ಒಂದೊಂದೇ ಅಕ್ಕಿಕಾಳನ್ನು ಬೆರಳ ತುದಿಯಿಂದ ಆರಿಸತೊಡಗಿದರು. ಅಕ್ಕಿಯನ್ನು ಗುಡಿಸಬಾರದು, ತುಳಿಯಬಾರದು. ಅದು ನಮ್ಮಮ್ಮ ಹೇಳಿಕೊಟ್ಟದ್ದು. ಇವರಿಗೆ ಯಾರು ಹೇಳಿಕೊಟ್ಟರು? ನಾನೂ ಕುಳಿತೆ. ಇಬ್ಬರು ಮುದುಕಿಯರು ತಲೆಗೆ ತಲೆ ತಾಗಿಸಿಕೊಂಡು ಕಲ್ಲುಹಾಸಿನ ಮೇಲೆ ಅಕ್ಕಿ ಆರಿಸಿದೆವು. ಉಳಿದವರು ಸುತ್ತ ನಿಂತು ನೋಡಿದರು.

ಕೊನೆಯ ಕಾಳು ಎತ್ತಿದ ಮೇಲೆ ಆಕೆ ನನ್ನ ಕವರಿನೊಳಗೆ ಕೈಹಾಕಿ ಅಕ್ಕಿ ತೆಗೆದು ನೋಡಿದರು. ಉದ್ದದ ಕಾಳು, ಸಣ್ಣ ಕಾಳು, ಗುಂಡು ಕಾಳು. ಮುಖದಲ್ಲಿ ಏನೋ ಆಯಿತು. ಬೆರಳಿನಿಂದ ಗಾಳಿಯಲ್ಲಿ ಒಂದು ಪಾತ್ರೆಯ ಆಕಾರ ಬಿಡಿಸಿದರು. ಅದರೊಳಗಿಂದ ಒಂದು ಹಿಡಿ ತೆಗೆದ ಹಾಗೆ ಮಾಡಿದರು. ಪಕ್ಕದಲ್ಲಿ ಇನ್ನೊಂದಕ್ಕೆ ಹಾಕಿದ ಹಾಗೆ ಮಾಡಿದರು. ಆಮೇಲೆ ಎರಡು ಕೈಯಲ್ಲೂ ಎತ್ತಿ ಚರ್ಚಿನ ಮುಂಭಾಗಕ್ಕೆ ತೋರಿಸಿದರು. ನಾನು, "ಹೌದು! ಹೌದು ಅಕ್ಕಾ, ಅದೇ!" ಎಂದು ಕನ್ನಡದಲ್ಲೇ ಕೂಗಿದೆ. ನಾನು ಚರ್ಚಿನೊಳಗೆ ಕೂಗಿದ್ದು ಜೀವನದಲ್ಲಿ ಅದೊಂದೇ ಸಲ.

ಆಕೆಯ ಹೆಸರು ಸುನ್ ಜಾ ಎಂದು ಕರುಣ ಹೇಳಿದಳು. ಚಿಕ್ಕ ವಯಸ್ಸಿನಲ್ಲಿ ಕೊರಿಯಾದಿಂದ ನರ್ಸ್ ಕೆಲಸಕ್ಕೆ ಬಂದು ಅಲ್ಲೇ ಉಳಿದವರು. ಗಂಡ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ. ಅವರ ಹಳ್ಳಿಯಲ್ಲೂ ಪ್ರತಿ ಹೊತ್ತಿನ ಅಕ್ಕಿಯಲ್ಲಿ ಹಿಡಿ ತೆಗೆದು ಚರ್ಚಿಗೆ ಕೊಡುತ್ತಿದ್ದರಂತೆ. ನಾನು ಕವರನ್ನು ಅವರ ಕೈಗಿಟ್ಟೆ. ಸುನ್ ಜಾ ಅದನ್ನು ಎದೆಗೆ ಅವುಚಿಕೊಂಡು ಹೊರಟರು. ನನ್ನ ಎದೆ ಹಗುರಾಯಿತು. ಅಕ್ಕಿ ಸೇರಬೇಕಾದ ಕೈ ಸೇರಿತು, ಎಲ್ಲಿಗೆ ಮುಟ್ಟಿಸಬೇಕೆಂದು ಅವರಿಗೆ ಗೊತ್ತಿರುತ್ತದೆ ಎಂದುಕೊಂಡೆ.

ಗುರುವಾರ ಅವರ ಮನೆಗೆ ಊಟಕ್ಕೆ ಕರೆ ಬಂತು. ಕರುಣ ನನ್ನನ್ನು ಬಾಗಿಲವರೆಗೆ ಬಿಟ್ಟು ಡ್ಯೂಟಿಗೆ ಹೋದಳು. ಒಂದೇ ಕೋಣೆ, ಶುಭ್ರವಾಗಿತ್ತು. ಗೋಡೆಯ ಮೇಲೆ ಗಂಡನ ಫೋಟೋ, ಅದರ ಕೆಳಗೆ ಶಿಲುಬೆ. ಯಾವುದೋ ಉಪ್ಪಿನಕಾಯಿ ಹುಳಿ ಬಂದ ವಾಸನೆ, ಕೆಟ್ಟದ್ದೇನಲ್ಲ. ನಾನು ನಿಮ್ಮ ತಾತನ ಫೋಟೋವನ್ನು ಫೋನಿನಲ್ಲಿ ತೋರಿಸಿದೆ. ಅವರು ತಮ್ಮ ಗೋಡೆಯ ಫೋಟೋ ತೋರಿಸಿದರು. ಇಬ್ಬರೂ ತಲೆಯಾಡಿಸಿದೆವು. ಆ ವಿಷಯಕ್ಕೆ ಅಷ್ಟು ಸಾಕಿತ್ತು.

ಅವರು ಪಾತ್ರೆಯ ಮುಚ್ಚಳ ತೆಗೆದು ನನ್ನ ಬಟ್ಟಲಿಗೆ ಅನ್ನ ಬಡಿಸಿದರು. ಉದ್ದದ ಅಗುಳು, ಸಣ್ಣ ಅಗುಳು, ಗುಂಡು ಅಗುಳು.

ನನ್ನ ಕವರಿನ ಅಕ್ಕಿ!

ನಾನು ಬಟ್ಟಲನ್ನೇ ನೋಡುತ್ತಾ ಕುಳಿತೆ. ದೇವರಿಗೆ ಕೊಟ್ಟದ್ದನ್ನು ಈಕೆ ಬೇಯಿಸಿಬಿಟ್ಟರೇ? ಬೇಯಿಸಿ ನನಗೇ ಬಡಿಸುತ್ತಿದ್ದಾರೆಯೇ? ಅವರು ನನ್ನ ಎರಡೂ ಕೈ ಹಿಡಿದು ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದರು. ತುಂಬಾ ಹೊತ್ತು ಮಾಡಿದರು. ನಡುವೆ ಅವರ ಧ್ವನಿ ಒಡೆಯಿತು. ಅವರು ಏನು ಕೇಳಿಕೊಂಡರು, ಯಾರಿಗಾಗಿ ಅತ್ತರು, ನನಗಾಗಿಯೋ ತಮಗಾಗಿಯೋ, ತಿಳಿಯಲಿಲ್ಲ. ಕೊನೆಯಲ್ಲಿ "ಆಮೆನ್" ಬಂತು. ಅದೊಂದು ನಮ್ಮದೇ. ನಾನೂ ಆಮೆನ್ ಎಂದೆ. ಏನಕ್ಕೆ ಒಪ್ಪಿಕೊಂಡೆನೋ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ತಿಂದೆ. ತಿನ್ನದೆ ಏಳಲು ನನಗೆ ಧೈರ್ಯವಿರಲಿಲ್ಲ. ಮೊದಲ ತುತ್ತಿನಲ್ಲೇ ಒಂದು ಅಗುಳು ನಾಲಿಗೆಯ ಮೇಲೆ ಕರಗಿತು, ಪಕ್ಕದ್ದು ಹಲ್ಲಿಗೆ ಕಟಕ್ ಎಂದಿತು. ನೋಡಿ, ಐವತ್ತು ವರ್ಷಕ್ಕೂ ಹಿಂದಿನ ರುಚಿ! ಅಮ್ಮನ ಮೊರ, ಅಮ್ಮ ಒಡ್ಡಿದ ಸೆರಗು, ಸರೋಜಳ ಬೆರಳು ಎಲ್ಲವೂ ಆ ಬಟ್ಟಲಿನಲ್ಲಿದ್ದವು. ಸಿಟ್ಟು ಬಂತೋ, ಅಳು ಬಂತೋ, ಹಸಿವೇ ಆಗಿತ್ತೋ. ಕಣ್ಣೀರು ಸುರಿಯುತ್ತಿತ್ತು, ಕೈ ನಿಲ್ಲಲಿಲ್ಲ. ಸುನ್ ಜಾ ಇನ್ನೊಂದು ಸೌಟು ಬಡಿಸಿದರು. ಅದನ್ನೂ ತಿಂದೆ.

ಹೊರಡುವಾಗ ಅವರು ಒಂದು ಬಿಳಿ ಹತ್ತಿ ಬಟ್ಟೆಯ ಚೀಲ ಕೊಟ್ಟರು. ಬಾಯಿಗೆ ದಾರ ಪೋಣಿಸಿದ, ಒಗೆದು ಇಸ್ತ್ರಿ ಮಾಡಿದ ಹಳೆಯ ಚೀಲ. ಒಳಗೆ ನೋಡಿದೆ, ಖಾಲಿ. ನಮ್ಮಲ್ಲಿ ಯಾರೂ ಪಾತ್ರೆಯನ್ನಾಗಲಿ ಚೀಲವನ್ನಾಗಲಿ ಖಾಲಿ ಕೊಡುವುದಿಲ್ಲ, ನಾಲ್ಕು ಮೆಣಸಿನಕಾಯಿಯನ್ನಾದರೂ ಹಾಕಿಯೇ ಕೊಡುತ್ತಾರೆ. ಇದನ್ನು ನಾನು ತುಂಬಿಸಿ ಕೊಡಬೇಕೆಂದೋ, ಯಾರಾದರೂ ನನಗೆ ತುಂಬಿಸಲೆಂದೋ? ಅದನ್ನು ಕೇಳಲು ನನ್ನ ಹತ್ತಿರ ಕೈಸನ್ನೆ ಇರಲಿಲ್ಲ.

ಕರುಣ ಬಂದಾಗ ಬಾಗಿಲಲ್ಲೇ ನಿಲ್ಲಿಸಿ, ಆ ಅಕ್ಕಿಯನ್ನು ಯಾಕೆ ಬೇಯಿಸಿದರೆಂದು ಅವಳಿಂದ ಕೇಳಿಸಿದೆ. ಅವರಿಬ್ಬರೂ ಜರ್ಮನ್ನಿನಲ್ಲಿ ಮಾತನಾಡಿದರು. ಬಸ್ಸಿನಲ್ಲಿ ಕುಳಿತ ಮೇಲೆ ಅವಳು, "ಅವರ ಊರಲ್ಲಿ ಆ ಅಕ್ಕಿ ವಿಧವೆಯರ ಮನೆಗೆ ಹೋಗ್ತಿತ್ತಂತೆ. ಅದಕ್ಕೇ ಹಾಗೆ ಮಾಡಿದ್ರಂತೆ" ಎಂದಳು.

"ಯಾವ ವಿಧವೆ? ನಾನಾ, ಅವರಾ?"

"ಅದು ಸರಿಯಾಗಿ ಹೇಳಲಿಲ್ಲಮ್ಮ. ಇಬ್ರೂ ತಾನೇ?"

ನನಗೆ ನಿದ್ದೆಯೂ ಊಟವೂ ಸರಿಹೋಗಲಿಲ್ಲ. ಅವರು ನನ್ನನ್ನು ಇಲ್ಲದವಳೆಂದು ತಿಳಿದು ಉಣಿಸಿದರೇ? ನನ್ನ ಅಕ್ಕಿಯನ್ನೇ ನನಗೆ ದಾನ ಮಾಡಿದರೇ? ಮುಂದಿನ ಭಾನುವಾರ ಕರುಣಳನ್ನು ಗೋಗರೆದು ಇನ್ನೊಮ್ಮೆ ಕೇಳಿಸಿದೆ. ಈ ಸಲ ಸುನ್ ಜಾ ಬೇರೆಯೇ ಹೇಳಿದರು. ಕರುಣ ನನಗೆ ತಿಳಿಸಿದಳು: "ಅದನ್ನ ಒಬ್ಬರೇ ತಿನ್ನೋಕೆ ನಾಚಿಕೆ ಆಯ್ತಂತೆ ಅಮ್ಮ."

ಹಾಗಾದರೆ ಕವರನ್ನು ಎದೆಗೆ ಅವುಚಿಕೊಂಡು ಹೋದಾಗ ಆಕೆ ಅದನ್ನು ಬೇರೆಯವರಿಗೆ ಮುಟ್ಟಿಸಲು ಒಯ್ಯುತ್ತಿರಲಿಲ್ಲ. ತನಗೆ ಕೊಟ್ಟರು ಎಂದುಕೊಂಡಿದ್ದರು. ಗಂಡ ಮಕ್ಕಳಿಲ್ಲದ ಮುದುಕಿಗೆ ಎಲ್ಲರ ಮುಂದೆ ಹಿಡಿಯಕ್ಕಿ ಹಾಕಿ, ನಾನೇ ಸರೋಜ ಆಗಿಬಿಟ್ಟಿದ್ದೆನೇ? ಅದರ ನಾಚಿಕೆ ಕಳೆಯಲೆಂದು ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಂಡರೇ? ಅಥವಾ ಕರುಣಳ ಜರ್ಮನ್ನಿನಲ್ಲಿ ಏನಾದರೂ ಸೋರಿಹೋಯಿತೇ? ಕೊಟ್ಟವಳು ಯಾರು, ತಿಂದವಳು ಯಾರು?

ಉಳಿದ ಭಾನುವಾರಗಳಲ್ಲಿ ಅವರು ನನ್ನ ಬೆಂಚಿಗೇ ಬಂದು, ತೋಳಿಗೆ ತೋಳು ತಾಗಿಸಿ ಕುಳಿತರು. ಅಷ್ಟು ದೊಡ್ಡ ಚರ್ಚಿನಲ್ಲಿ ಹಾಗೆ ಕುಳಿತವರು ನಾವಿಬ್ಬರೇ. ಈಗಲೂ ಕರುಣ ಫೋನಿನಲ್ಲಿ, "ಸುನ್ ಜಾ ಅಜ್ಜಿ ನಿನ್ನ ಕೇಳಿದ್ರಮ್ಮ" ಎನ್ನುತ್ತಾಳೆ. ಏನು ಕೇಳಿದರು ಎಂದರೆ, "ಸುಮ್ನೆ ಕೇಳಿದ್ರು" ಎನ್ನುತ್ತಾಳೆ.

ಬಂದ ಮೇಲೆ ಆ ಚೀಲವನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೆ. ನಮ್ಮ ಚರ್ಚಿನ ಪಾದ್ರಿ ಅಯ್ಯನವರಿಗೂ ಈ ವಿಷಯ ಹೇಳಿರಲಿಲ್ಲ. ದೇವರ ಪಾಲು ತಿಂದೆ ಎಂದು ಯಾವ ಬಾಯಲ್ಲಿ ಹೇಳಲಿ?

ನಿನ್ನೆಯಲ್ಲ, ಅದರ ಹಿಂದಿನ ಭಾನುವಾರ ನಮ್ಮ ಚರ್ಚಿನಲ್ಲಿ ಅಯ್ಯನವರು ಒಂದು ಪ್ರಕಟಣೆ ಓದಿದರು. ಅಕ್ಕಿಗೆ ಹುಳು ಬೀಳುತ್ತಿದೆ, ಇಡಲು ಜಾಗವಿಲ್ಲ, ಈಗ ಅಕ್ಕಿ ತರುವ ಮನೆಗಳೂ ಐದಾರೇ. ಮುಂದಿನ ಭಾನುವಾರವೇ ಕೊನೆ, ಅವತ್ತು ಡ್ರಮ್ಮಿನಲ್ಲಿರುವುದನ್ನು ಹಂಚಿಬಿಡುತ್ತಾರೆ, ಆಮೇಲೆ ಹಿಡಿಯಕ್ಕಿ ಬೇಡ, ಎಂದರು. ಆ ವಾರ ಪೂರ್ತಿ ನನ್ನ ಡಬ್ಬ ನನ್ನನ್ನೇ ನೋಡುತ್ತಿತ್ತು. ಈ ಭಾನುವಾರ, ಅಂದರೆ ನಿನ್ನೆ, ಅದನ್ನು ಒಯ್ದು ಡ್ರಮ್ಮಿಗೆ ಸುರಿದೆ. ಹಂಚುವುದು ಸ್ವಲ್ಪ ಉಳಿದಿತ್ತು. ಲೀಲಕ್ಕ ಸೇರು ಹಿಡಿದು ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ನನ್ನ ಕಡೆ ತಿರುಗಿ, "ನಿಮ್ಗೆ ಬೇಡ ಅಲ್ವಾ, ಗೊತ್ತು" ಎಂದು, ಆಗಲೇ ಪಕ್ಕದವರ ಕಡೆ ಹೊರಟಿದ್ದರು.

ನಾನು ಬ್ಯಾಗಿನಿಂದ ಸುನ್ ಜಾ ಕೊಟ್ಟ ಚೀಲ ತೆಗೆದು ದಾರ ಸಡಿಲಿಸಿದೆ. ಅದನ್ನು ಯಾಕೆ ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗಿದ್ದೆನೋ ನನಗೆ ಗೊತ್ತಿಲ್ಲ. ಬೆಳಿಗ್ಗೆ ಸೀರೆ ತೆಗೆಯುವಾಗ ಕೈಗೆ ಬಂತು, ಹಾಕಿಕೊಂಡೆ.

ಲೀಲಕ್ಕನ ಕೈಯಲ್ಲಿದ್ದ ಸೇರು ಹಾಗೇ ನಿಂತಿತು. "ನಿಮ್ಗೇನಾ?"

"ಹೂಂ. ನನಗೇ. ಹಾಕಿ ಲೀಲಕ್ಕ."

ತಲೆ ತಗ್ಗಿಸಬಾರದೆಂದುಕೊಂಡಿದ್ದೆ, ಆದರೆ ತಗ್ಗಿತು. ಚೀಲದ ಬಾಯಿ ಸರಿಯಾಗಿ ಹಿಡಿಯಬೇಕಿತ್ತಲ್ಲ. ಅಮ್ಮನೂ ಅದಕ್ಕೇ ತಲೆ ತಗ್ಗಿಸುತ್ತಿದ್ದಳೇನೋ, ನನಗೆ ಚಿಕ್ಕಂದಿನಲ್ಲಿ ಹೊಳೆದಿರಲಿಲ್ಲ. ಅಕ್ಕಿ ಬೀಳುವ ಸದ್ದು ಬಟ್ಟೆಯಲ್ಲಿ ಮೆತ್ತಗಿತ್ತು. ಆಟೋದಲ್ಲಿ ಬರುವಾಗ ಅದನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಜೆ.ಪಿ. ನಗರ ಬಂದು ನಮ್ಮ ತಿರುವು ದಾಟಿಹೋದದ್ದೂ ತಿಳಿಯಲಿಲ್ಲ. ಆಟೋದವನು, "ಎಲ್ಲಿ ನಿಲ್ಲಿಸ್ಬೇಕು ಹೇಳಿ ಆಂಟಿ, ಹೀಗೇ ಹೋದ್ರೆ ಕನಕಪುರ ಸಿಗುತ್ತೆ" ಎಂದಾಗಲೇ ಎಚ್ಚರವಾದದ್ದು.

ಇವತ್ತು ಮಧ್ಯಾಹ್ನ ನೀವು ಉಂಡದ್ದು ಆ ಅಕ್ಕಿ. ಆರಿಸಿ ಬೇರೆ ಮಾಡೋಣ ಎಂದು ಮೊರದ ಮುಂದೆ ಕುಳಿತೆ. ಅರ್ಧಕ್ಕೇ ಬಿಟ್ಟು ಎಲ್ಲವನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿದೆ. ಹಾಕುವ ಮುಂಚೆ ಕೈ ಅಭ್ಯಾಸಬಲದಿಂದ ಒಂದು ಹಿಡಿ ತೆಗೆಯಿತು. ಅದನ್ನು ಹಿಡಿದುಕೊಂಡು, ಇನ್ನು ಇದನ್ನು ಎಲ್ಲಿಗೆ ಒಯ್ಯುವುದು ಎಂದು ಸ್ವಲ್ಪ ಹೊತ್ತು ನಿಂತೆ. ಆಮೇಲೆ ಚೀಲಕ್ಕೆ ಹಾಕಿ ದಾರ ಕಟ್ಟಿದೆ. ಶೆಲ್ಫಿನಲ್ಲಿ ಇದೆ, ನೋಡಿ.

ಅನುಷಾ, ನೀನು ಗೊಣಗುತ್ತಲೇ ಎರಡನೇ ಸಲ ಹಾಕಿಸಿಕೊಂಡೆ. ಜೋಯಲ್, ನೀನು ಮೂರು ಸಲ. ನಾನೂ ನಿಮ್ಮ ಎದುರಿಗೇ ಕುಳಿತು ಉಂಡೆ. ನಮ್ಮ ಮೂವರ ಹೊಟ್ಟೆಯಲ್ಲಿ ಈಗ ಯಾರ ಯಾರ ಮನೆಯ ಅಕ್ಕಿ ಇದೆಯೋ, ನಾನು ಹೇಳಲಾರೆ.